ಎಂಜಲಿನ ಜೀನ್ ಕಿಟ್ ಮತ್ತು ಬಾಯಿ ಕ್ಯಾನ್ಸರ್: ಅಡಿಕೆ ಸೀಮೆಯವರು ದುಡ್ಡು ಕೊಡುವ ಮುನ್ನ

ಮನೆಗೇ ಬರುವ ಪುಟ್ಟ ಪೆಟ್ಟಿಗೆ. ಒಳಗೆ ಒಂದು ಪ್ಲಾಸ್ಟಿಕ್ ಕೊಳವೆ, ಅದರ ಬಾಯಿಗೆ ಆಲಿಕೆ, ಬಾರ್‌ಕೋಡ್ ಚೀಟಿ, ಒಪ್ಪಿಗೆ ಪತ್ರ, ವಾಪಸ್ ಕಳಿಸಲು ಕವರ್. 2 ಮಿ.ಲೀ. ಎಂಜಲು ತುಂಬಿ ಕೊರಿಯರಿಗೆ ಕೊಟ್ಟರೆ ಕೆಲವು ವಾರಗಳಲ್ಲಿ ವರದಿ ಮೊಬೈಲಿಗೆ ಬರುತ್ತದೆ. ಹತ್ತಾರು ಕಾಯಿಲೆಗಳ ನಡುವೆ ‘ತಲೆ ಮತ್ತು ಕುತ್ತಿಗೆ ಕ್ಯಾನ್ಸರ್’ ಎಂದೊಂದು ಪುಟ. ಅದರಲ್ಲಿ ರೋಗನಿರೋಧಕ ಜೀನುಗಳ ಪಟ್ಟಿ, ಪಕ್ಕದಲ್ಲಿ ಹಸಿರು, ಹಳದಿ ಅಥವಾ ಕೆಂಪು ಗುರುತು. ಬೆಲೆ ಐದಾರು ಸಾವಿರದಿಂದ ಶುರುವಾಗಿ ಹದಿನೈದು ಸಾವಿರ ದಾಟುವುದೂ ಉಂಟು. ಇಂಥ ಕಿಟ್‌ಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಇಲ್ಲಿ ಯಾವುದೇ ಒಂದು ಕಂಪನಿಯ ಹೆಸರು ಹಿಡಿದು ಹೇಳುತ್ತಿಲ್ಲ. ತಳದ ತಂತ್ರ ಒಂದೇ ಆಗಿರುವುದರಿಂದ ಎಲ್ಲವನ್ನೂ ಒಟ್ಟಿಗೇ ತೂಗಬಹುದು.

ಇದನ್ನು ಕೊಳ್ಳುವವರ ಮನಸ್ಸಿನಲ್ಲಿರುವ ಪ್ರಶ್ನೆ ನಿಜವಾದದ್ದು. ದಾವಣಗೆರೆ, ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆ ಎಲ್ಲಿ ಹೋದರೂ ಕೇಳುತ್ತಾರೆ: “ನಮ್ಮಜ್ಜ ಅರವತ್ತು ವರ್ಷ ಎಲೆಅಡಿಕೆ ಹಾಕಿದರು, ಏನೂ ಆಗಲಿಲ್ಲ. ಪಕ್ಕದ ಮನೆ ಹುಡುಗನಿಗೆ ಮೂವತ್ತೈದಕ್ಕೇ ಗಂಟು ಬಂತು. ಹಾಗಾದರೆ ಇದು ಮೈಗುಣ ಅಲ್ವೇ ಸಾರ್?” ಮೈಗುಣದ ಪಾಲು ಇದೆ. ಆ ಪಾಲನ್ನು ಈ ಕಿಟ್ ಅಳೆಯುತ್ತದೆಯೇ ಎಂಬುದು ಬೇರೆ ಮಾತು. ಅಡಿಕೆ, ಗುಟ್ಕಾ, ಹೊಗೆಸೊಪ್ಪು ಹಾಕುವವರಿಗೆ ಆ ಪುಟ ಉಪಯೋಗಕ್ಕೆ ಬಾರದು, ಕೆಲವರಿಗೆ ಅಪಾಯವನ್ನೇ ತಂದೀತು ಎಂಬುದು ನಮ್ಮ ತೀರ್ಮಾನ.

ಮೊದಲು ಮಾದರಿ ಕೊಡುವ ಕೆಲಸ. ಕೊಳ್ಳುವವರು ಮೊದಲು ಎಡವುವುದು ಇಲ್ಲೇ. ಕೊಡುವ ಅರ್ಧ ಗಂಟೆ ಮುಂಚೆ ತಿನ್ನಬಾರದು, ಕುಡಿಯಬಾರದು, ಸೇದಬಾರದು ಎಂದು ಚೀಟಿಯಲ್ಲಿ ಬರೆದಿರುತ್ತದೆ. ಅಡಿಕೆ ಹಾಕುವವರಿಗೆ ಅರ್ಧ ಗಂಟೆ ಸಾಲದು. ಅಡಿಕೆಯ ಟ್ಯಾನಿನ್, ಕಾಚಿನ ಬಣ್ಣ, ಸುಣ್ಣದ ಚೂರು ಕೆನ್ನೆಯ ಸಂದಿಯಲ್ಲಿ ಬಹಳ ಹೊತ್ತು ಉಳಿದಿರುತ್ತವೆ. ಟ್ಯಾನಿನ್‌ನಂಥ ಪಾಲಿಫಿನಾಲ್‌ಗಳು ಡಿಎನ್‌ಎ ಜೊತೆಗೇ ಅಂಟಿಕೊಂಡು ಬಂದು ಪಿಸಿಆರ್ ಕ್ರಿಯೆಗೆ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಕೆಲಸಕ್ಕೆ) ಅಡ್ಡಿ ಮಾಡುತ್ತವೆ. ಕೊಳವೆಯೊಳಗಿನ ಎಂಜಲು ಕೆಂಪಗೆ ಅಥವಾ ಕಂದಾಗಿ ಕಂಡರೆ ಮಾದರಿ ತಿರಸ್ಕಾರವಾಗುವ ಸಾಧ್ಯತೆ ಹೆಚ್ಚು. ಕೊಡಲೇಬೇಕೆಂದಿದ್ದರೆ ಬೆಳಿಗ್ಗೆ ಎದ್ದು, ಅಡಿಕೆಯ ಮೊದಲ ಚೂರು ಬಾಯಿಗೆ ಹಾಕುವ ಮುನ್ನ, ಬರೀ ನೀರಿನಲ್ಲಿ ಚೆನ್ನಾಗಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಕೊಡಿ.

ಗೆರೆಯ ತನಕ ತುಂಬಬೇಕಾದದ್ದು ದ್ರವ, ನೊರೆಯಲ್ಲ. ಆತುರದಲ್ಲಿ ಉಗುಳಿದರೆ ಗೆರೆ ಮುಟ್ಟಿದಂತೆ ಕಾಣುತ್ತದೆ, ನೊರೆ ಇಳಿದ ಮೇಲೆ ನೋಡಿದರೆ ಅರ್ಧವೂ ಇರುವುದಿಲ್ಲ. ಕೊಳವೆಯನ್ನು ಮೇಜಿಗೆ ಮೆಲ್ಲಗೆ ತಟ್ಟಿ, ಗುಳ್ಳೆ ಒಡೆದು, ಮತ್ತೆ ತುಂಬಬೇಕು. ಕೆಲವು ಕಿಟ್‌ಗಳಲ್ಲಿ ಎಂಜಲು ಕೆಡದಂತೆ ಕಾಯುವ ಸ್ಥಿರಕ ದ್ರಾವಣ ಮುಚ್ಚಳದೊಳಗೇ ಇರುತ್ತದೆ. ಆಲಿಕೆ ಇರುವಾಗಲೇ ಮುಚ್ಚಳ ಒತ್ತಿ ‘ಟಕ್’ ಅನ್ನಿಸಿದರೆ ಮಾತ್ರ ದ್ರಾವಣ ಕೆಳಗಿಳಿಯುತ್ತದೆ. ಆಲಿಕೆಯನ್ನು ಮೊದಲೇ ತಿರುಗಿಸಿ ತೆಗೆದರೆ ಬರೀ ಎಂಜಲು ಕೊರಿಯರ್ ಹತ್ತುತ್ತದೆ, ದಾರಿಯಲ್ಲೇ ಕೆಡುತ್ತದೆ. ದ್ರಾವಣ ಬೆರೆತ ಮೇಲೆ ಐದಾರು ಸಲ ತಲೆಕೆಳಗು ಮಾಡಿ ಬೆರೆಸಿ. ಏಪ್ರಿಲ್‌ನ ದಾವಣಗೆರೆ ಬಿಸಿಲಿಗೆ ಹೆದರಬೇಕಿಲ್ಲ. ದ್ರಾವಣ ಸರಿಯಾಗಿ ಬೆರೆತಿದ್ದರೆ ಡಿಎನ್‌ಎ ಕೋಣೆಯ ಶಾಖದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮಾದರಿ ಹಾಳಾಗುವುದು ಹೆಚ್ಚಾಗಿ ಸಡಿಲ ಮುಚ್ಚಳದಿಂದ.

ಕೆನ್ನೆಗೆ ಉಜ್ಜುವ ಹತ್ತಿಕಡ್ಡಿಯ ಕಿಟ್‌ಗಳೂ ಇವೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ (ಅಡಿಕೆಯಿಂದ ಬಾಯಿಯ ಒಳಮೈ ಬಿಗಿಯುವ ಕಾಯಿಲೆ) ಇರುವವರ ಕೆನ್ನೆ ಒಳಗೆ ಚರ್ಮದ ಪಟ್ಟಿಯಂತೆ ಬಿಗಿದಿರುತ್ತದೆ, ಬಾಯಿ ತೆರೆಯುವುದೇ ಕಷ್ಟ, ಕಡ್ಡಿಗೆ ಸಾಕಷ್ಟು ಕೋಶಗಳೂ ಸಿಗುವುದಿಲ್ಲ. ಬಿಳಿ ಮಚ್ಚೆಯ ಮೇಲೆ ಉಜ್ಜಿದರೆ ಸಿಗುವುದು ಮೇಲಿನ ಒಣ ಪದರ, ಅದರಲ್ಲಿ ಕೋಶಕೇಂದ್ರವೇ ಇಲ್ಲದಿರಬಹುದು. ಹುಣ್ಣಿನ ಮೇಲಂತೂ ಉಜ್ಜಲೇಬೇಡಿ. ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರು ಈ ಕಿಟ್ ತೆಗೆದುಕೊಳ್ಳಬಾರದು. ಅವರ ಎಂಜಲಿನಲ್ಲಿ ದಾನಿಯ ಬಿಳಿ ರಕ್ತಕಣಗಳೂ ಇರುವುದರಿಂದ ಇಬ್ಬರ ಡಿಎನ್‌ಎ ಕಲೆತು ಬರುತ್ತದೆ.

ಇನ್ನು ಲ್ಯಾಬಿನೊಳಗೆ ಏನಾಗುತ್ತದೆ ನೋಡಿ. ರೋಗನಿರೋಧಕ ಜೀನುಗಳಲ್ಲಿ ಮುಖ್ಯವಾದವು ಎಚ್‌ಎಲ್‌ಎ ಗುಂಪಿನವು, 6ನೇ ವರ್ಣತಂತುವಿನ ಗಿಡ್ಡ ತೋಳಿನಲ್ಲಿ ಒತ್ತೊತ್ತಾಗಿ ಕೂತಿವೆ. ಕೋಶದೊಳಗಿನ ಪ್ರೋಟೀನು ಚೂರುಚೂರಾದಾಗ ಒಂದೊಂದು ಚೂರನ್ನು ಹೊರಗೆ ಎತ್ತಿ ಹಿಡಿದು ಟಿ ಕೋಶಗಳಿಗೆ (ರೋಗದ ವಿರುದ್ಧ ಕಾದಾಡುವ ಬಿಳಿ ರಕ್ತಕಣಗಳಿಗೆ) ತೋರಿಸುವುದು ಇವುಗಳ ಕೆಲಸ. ಚೂರು ಪರಕೀಯ ಅನ್ನಿಸಿದರೆ ಟಿ ಕೋಶ ದಾಳಿ ಮಾಡುತ್ತದೆ. ಎ, ಬಿ, ಸಿ ಎಂಬ ಮೊದಲ ವರ್ಗದ ಜೀನುಗಳು ತಾಯಿಯಿಂದ ಮೂರು, ತಂದೆಯಿಂದ ಮೂರು ಬರುತ್ತವೆ. ಎರಡನೇ ವರ್ಗದ ಡಿಆರ್, ಡಿಕ್ಯೂ, ಡಿಪಿ ಬೇರೆ. ಒಂದೊಂದು ರೂಪ ಒಂದೊಂದು ಬಗೆಯ ಚೂರನ್ನು ಚೆನ್ನಾಗಿ ಹಿಡಿಯುತ್ತದೆ. ವೈರಸ್ಸಿನ ಚೂರನ್ನು ಒಬ್ಬರ ಮೈ ಬೇಗ ಗುರುತಿಸುವುದಕ್ಕೂ ಇನ್ನೊಬ್ಬರ ಮೈ ತಡ ಮಾಡುವುದಕ್ಕೂ ಇದೊಂದು ಕಾರಣ. ಮನುಷ್ಯರ ಜೀನುಗಳಲ್ಲೇ ಅತಿ ಹೆಚ್ಚು ವೈವಿಧ್ಯ ಇರುವುದು ಇಲ್ಲಿ, ಗುರುತಿಸಿರುವ ರೂಪಗಳು ಸಾವಿರಗಟ್ಟಲೆ.

ಅಗ್ಗದ ಕಿಟ್‌ಗಳು ಈ ಜೀನುಗಳನ್ನು ಅಕ್ಷರ ಅಕ್ಷರವಾಗಿ ಓದುವುದಿಲ್ಲ, ಅಂದರೆ ಸೀಕ್ವೆನ್ಸ್ ಮಾಡುವುದಿಲ್ಲ. ಚಿಪ್ ಮೇಲೆ ಇಡೀ ಜೀನೋಮಿನ ಕೆಲವು ಲಕ್ಷ ಬಿಂದುಗಳನ್ನು ಮಾತ್ರ ನೋಡುತ್ತವೆ. ಅಕ್ಕಪಕ್ಕದ ಬಿಂದುಗಳಿಂದ ‘ಇಲ್ಲಿ ಇಂಥ ಎಚ್‌ಎಲ್‌ಎ ರೂಪ ಇರಬೇಕು’ ಎಂದು ಲೆಕ್ಕ ಕಟ್ಟುತ್ತವೆ, ಇದಕ್ಕೆ ಇಂಪ್ಯುಟೇಷನ್ ಅನ್ನುತ್ತಾರೆ. ಆ ಲೆಕ್ಕಕ್ಕೆ ಹೋಲಿಕೆಯ ಭಂಡಾರ ಬೇಕು, ಅಂಥ ಭಂಡಾರಗಳಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ದಕ್ಷಿಣ ಭಾರತದವರಿಗೆ ಹೊಂದಿಸಿದಾಗ, ಅದರಲ್ಲೂ ಅಪರೂಪದ ರೂಪಗಳಲ್ಲಿ, ತಪ್ಪುಗಳು ಹೆಚ್ಚುತ್ತವೆ. ಬೇರೆಯವರ ಅಳತೆಗೆ ಕತ್ತರಿಸಿದ ಬಟ್ಟೆಯನ್ನು ನಮಗೆ ಹೊಲಿದಂತೆ. ಕಿಡ್ನಿ ಕಸಿಗೆ ಮಾಡುವ ಎಚ್‌ಎಲ್‌ಎ ಟೈಪಿಂಗ್ ಇದಲ್ಲ. ಅಲ್ಲಿ ಎಚ್‌ಎಲ್‌ಎ ಜೀನುಗಳನ್ನೇ ಗುರಿ ಮಾಡಿ ನೇರವಾಗಿ ಪರೀಕ್ಷಿಸುತ್ತಾರೆ. ಕೊಳ್ಳುವ ಮುನ್ನ ಕಂಪನಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು: “ಎಚ್‌ಎಲ್‌ಎ ಅನ್ನು ಸೀಕ್ವೆನ್ಸ್ ಮಾಡುತ್ತೀರೋ, ಚಿಪ್‌ನಿಂದ ಅಂದಾಜು ಮಾಡುತ್ತೀರೋ?” ನೇರ ಉತ್ತರ ಬಾರದಿದ್ದರೆ ಅಂದಾಜು ಎಂದೇ ತಿಳಿಯಿರಿ.

ಅಂದಾಜು ಸರಿಯಾಗಿಯೇ ಬಂತು ಅಂದುಕೊಳ್ಳಿ. ವರದಿಯ ಹಸಿರು, ಕೆಂಪು ಬಣ್ಣಕ್ಕೆ ಆಧಾರ ಎಲ್ಲಿಯದು? ಈ ವಿಷಯದಲ್ಲಿ ಗಟ್ಟಿಯಾದ ದೊಡ್ಡ ಅಧ್ಯಯನ ಪ್ರಕಟವಾದದ್ದು 2016ರಲ್ಲಿ. ಯುರೋಪ್, ಉತ್ತರ ಅಮೆರಿಕ, ದಕ್ಷಿಣ ಅಮೆರಿಕದ 6,034 ರೋಗಿಗಳನ್ನೂ 6,585 ಆರೋಗ್ಯವಂತರನ್ನೂ ಹೋಲಿಸಿ ನೋಡಿದರು. ಡಿಆರ್‌ಬಿ1*13:01, ಡಿಕ್ಯೂಎ1*01:03, ಡಿಕ್ಯೂಬಿ1*06:03 ಎಂಬ ಮೂರು ರೂಪಗಳು ಜೊತೆಯಾಗಿ ಬಂದವರಲ್ಲಿ ಗಂಟಲಿನ ಕ್ಯಾನ್ಸರ್ ಕಡಿಮೆ ಕಂಡಿತು. ಇಲ್ಲಿ ಗಂಟಲು ಅಂದರೆ ಟಾನ್ಸಿಲ್, ನಾಲಿಗೆಯ ಬುಡ, ಅಂದರೆ ಓರೋಫ್ಯಾರಿಂಕ್ಸ್. ಈ ರಕ್ಷಣೆ ಬಲವಾಗಿ ಕಂಡದ್ದು ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಸ್ಸಿನಿಂದ ಬಂದ ಗಡ್ಡೆಗಳಲ್ಲಿ, ವೈರಸ್ ಇಲ್ಲದ ಗಡ್ಡೆಗಳಲ್ಲಿ ಮಂಕಾಯಿತು. ಇದು ಅರ್ಥವಾಗುವ ಮಾತೇ. ತೋರಿಸಲು ವೈರಸ್ಸಿನ ಚೂರು ಇದ್ದಾಗ ತಾನೇ ತೋರಿಸುವ ಕೈಯ ಗುಣ ಲೆಕ್ಕಕ್ಕೆ ಬರುವುದು? ಬಾಯಿಯ ಕ್ಯಾನ್ಸರಿಗೆ ಅದೇ ಅಧ್ಯಯನದಲ್ಲಿ ಬೇರೆ ವರ್ಣತಂತುಗಳ ಜಾಗಗಳು ಕಂಡವು, ಎಚ್‌ಎಲ್‌ಎ ಅಷ್ಟು ಎದ್ದು ಕಾಣಲಿಲ್ಲ.

ನಮ್ಮ ಕಡೆಯ ಕಾಯಿಲೆ ಬೇರೆ ಜಾಗದ್ದು. ಅಡಿಕೆಯ ಚೂರನ್ನು ಒತ್ತರಿಸಿ ಇಟ್ಟುಕೊಳ್ಳುವ ಕೆನ್ನೆಯ ಒಳಮೈ, ಕೆಳವಸಡು, ಅವೆರಡರ ನಡುವಿನ ತೋಡು. ಇಲ್ಲಿ ಎಚ್‌ಪಿವಿಯ ಪಾಲು ಸಣ್ಣದು, ಅಡಿಕೆ ಹೊಗೆಸೊಪ್ಪಿನದು ದೊಡ್ಡದು. ಹೊಗೆಸೊಪ್ಪಿಲ್ಲದ ಬರೀ ಎಲೆಅಡಿಕೆಯೂ, ಒಂಟಿ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2003ರಲ್ಲೇ ತೀರ್ಮಾನಿಸಿದರು. ಹೀಗಿರುವಾಗ ಪಾಶ್ಚಾತ್ಯರ ಟಾನ್ಸಿಲ್ ಕ್ಯಾನ್ಸರಿನ ಎಚ್‌ಎಲ್‌ಎ ಫಲವನ್ನು ಚನ್ನಗಿರಿಯವರ ಕೆನ್ನೆಗೆ ಅಂಟಿಸಿ ಬಣ್ಣ ಹಾಕುವುದು ತಪ್ಪು. ಟಿಎನ್‌ಎಫ್-ಆಲ್ಫಾ, ಐಎಲ್-6, ಐಎಲ್-10, ಎಮ್‌ಐಸಿಎ ಎಂದು ಉಳಿದ ರೋಗನಿರೋಧಕ ಜೀನುಗಳ ಹೆಸರುಗಳೂ ಪಟ್ಟಿಯಲ್ಲಿರುತ್ತವೆ. ಅವುಗಳ ಬಗ್ಗೆ ಇರುವುದು ಬಹುಪಾಲು ಸಣ್ಣ ಅಧ್ಯಯನಗಳು, ಒಂದು ಹೌದೆಂದರೆ ಇನ್ನೊಂದು ಇಲ್ಲ ಎನ್ನುತ್ತದೆ.

ವರದಿಯ ಅಂಕಿಯನ್ನು ಓದುವ ರೀತಿಯನ್ನೂ ಹೇಳಬೇಕು. ‘ನಿಮ್ಮ ಅಪಾಯ 1.2 ಪಟ್ಟು’ ಎಂದು ಕೆಂಪಕ್ಷರದಲ್ಲಿ ಇರುತ್ತದೆ. ಲೆಕ್ಕಕ್ಕೆಂದು, ಸಾವಿರ ಜನರಲ್ಲಿ ಹತ್ತು ಮಂದಿಗೆ ಬರುತ್ತದೆ ಎಂದು ಹಿಡಿಯಿರಿ. 1.2 ಪಟ್ಟು ಅಂದರೆ ಹನ್ನೆರಡು. ಈಗ ಇನ್ನೊಂದು ಅಂಕಿ. ಭಾರತ ಉಪಖಂಡದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯಲ್ಲಿ, ಹೊಗೆಸೊಪ್ಪು ಸೇರಿಸಿ ಎಲೆಅಡಿಕೆ ಹಾಕುವವರಿಗೆ ಬಾಯಿ ಕ್ಯಾನ್ಸರಿನ ಅಪಾಯ ಸುಮಾರು 7.7 ಪಟ್ಟು, ಹೊಗೆಸೊಪ್ಪಿಲ್ಲದೆ ಹಾಕುವವರಿಗೆ ಸುಮಾರು 2.6 ಪಟ್ಟು. ಅದೇ ಲೆಕ್ಕದಲ್ಲಿ ಹತ್ತು ಇದ್ದದ್ದು ಎಪ್ಪತ್ತೇಳು. ಹನ್ನೆರಡಕ್ಕೆ ಕೆಂಪು ಬಳಿದ ವರದಿ, ಎಪ್ಪತ್ತೇಳರ ಬಗ್ಗೆ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದ ಎರಡು ಸಾಲು ಬರೆದು ಕೈತೊಳೆದುಕೊಂಡರೆ ಅದನ್ನು ಒಳ್ಳೆಯ ಉತ್ಪನ್ನ ಎನ್ನಲಾಗದು.

ನಮಗೆ ಹೆಚ್ಚು ಭಯ ಹಸಿರು ಗುರುತಿನ ಬಗ್ಗೆ. ಕೆಂಪು ಬಂದವರು ಹೆದರಿಯಾದರೂ ಒಮ್ಮೆ ಬಾಯಿ ತೋರಿಸುತ್ತಾರೆ. ಹಸಿರು ಬಂದವರು ‘ನಮ್ಮ ಮೈ ತಡೆಯುತ್ತೆ’ ಎಂದು ಪಾನ್ ಮಸಾಲಾ ಪೊಟ್ಟಣ ಹರಿಯುತ್ತಾರೆ. ಗುಟ್ಕಾ ಕರ್ನಾಟಕದಲ್ಲಿ 2013ರಲ್ಲೇ ನಿಷೇಧವಾಯಿತು. ಆಮೇಲೆ ಮಸಾಲೆಯದೊಂದು ಪೊಟ್ಟಣ, ಹೊಗೆಸೊಪ್ಪಿನದೊಂದು ಪೊಟ್ಟಣ ಬೇರೆಬೇರೆ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವ ರೂಢಿ ಬಂತು. ಅಂಥ ಕೈಗೆ ಹಸಿರು ಚೀಟಿ ಕೊಡುವುದು ಅಪಾಯಕ್ಕೆ ಪರವಾನಗಿ ಕೊಟ್ಟಂತೆ. ಯಾವ ಎಚ್‌ಎಲ್‌ಎ ರೂಪವೂ ಅಡಿಕೆಯ ಹಾನಿಯನ್ನು ತಡೆದು ನಿಲ್ಲಿಸುತ್ತದೆ ಎಂದು ಯಾರೂ ತೋರಿಸಿಕೊಟ್ಟಿಲ್ಲ.

ಜೀನ್ ಪರೀಕ್ಷೆಯೇ ಬೇಡ ಎಂದಲ್ಲ. ಕೆಲವರಿಗೆ ಅದು ಬೇಕೇ ಬೇಕು, ಆದರೆ ಆ ಪರೀಕ್ಷೆ ಈ ಪೆಟ್ಟಿಗೆಯಲ್ಲಿಲ್ಲ. ಯಾವ ಚಟವೂ ಇಲ್ಲದೆ ಮೂವತ್ತರೊಳಗೆ ನಾಲಿಗೆಗೋ ಕೆನ್ನೆಗೋ ಕ್ಯಾನ್ಸರ್ ಬಂದರೆ, ಜೊತೆಗೆ ಕುಳ್ಳು ಮೈಕಟ್ಟು, ಹೆಬ್ಬೆರಳಿನ ಊನ, ಚರ್ಮದ ಮೇಲೆ ಕಾಫಿ ಬಣ್ಣದ ಮಚ್ಚೆ, ಎಷ್ಟು ಔಷಧಿ ಕೊಟ್ಟರೂ ಏರದ ರಕ್ತಕಣ ಇದ್ದರೆ, ಫ್ಯಾಂಕೋನಿ ಅನೀಮಿಯಾ ಅನುಮಾನಿಸಬೇಕು. ಅದು ರೋಗನಿರೋಧಕ ಜೀನಿನ ದೋಷವಲ್ಲ, ಡಿಎನ್‌ಎ ರಿಪೇರಿಯ ದೋಷ. ತಲೆ-ಕುತ್ತಿಗೆ ಕ್ಯಾನ್ಸರಿನ ಅಪಾಯ ಅವರಲ್ಲಿ ನೂರಾರು ಪಟ್ಟು. ಹೆಚ್ಚಾಗಿ ತಂದೆ ತಾಯಿ ಇಬ್ಬರಿಂದಲೂ ದೋಷಪೂರಿತ ಪ್ರತಿ ಬಂದಾಗ ಕಾಣಿಸಿಕೊಳ್ಳುವ ಕಾಯಿಲೆ ಇದು, ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ತರುವ ನಮ್ಮ ಕಡೆಯ ಮನೆಗಳಲ್ಲಿ ಮರೆಯಬಾರದು. ಪರೀಕ್ಷೆಯ ಹೆಸರು ಕ್ರೋಮೋಸೋಮ್ ಬ್ರೇಕೇಜ್, ಅಂದರೆ ವರ್ಣತಂತುಗಳು ಎಷ್ಟು ಮುರಿಯುತ್ತವೆ ಎಂದು ನೋಡುವುದು. ರಕ್ತ ಹೆಪಾರಿನ್ ಇರುವ ಹಸಿರು ಮುಚ್ಚಳದ ಕೊಳವೆಗೇ ಹೋಗಬೇಕು. ಕಣಗಳು ಬದುಕಿದ್ದು ಲ್ಯಾಬಿನಲ್ಲಿ ಬೆಳೆಯಬೇಕಾದ್ದರಿಂದ ನೇರಳೆ ಮುಚ್ಚಳದ ಇಡಿಟಿಎ ಕೊಳವೆ ನಡೆಯದು, ಫ್ರೀಜ್ ಮಾಡಿದರಂತೂ ಕೆಟ್ಟಿತು. ಒಂದೆರಡು ದಿನದೊಳಗೆ ಬೆಂಗಳೂರಿನ ಲ್ಯಾಬ್ ಮುಟ್ಟಬೇಕು. ಇದು ಚಿಕಿತ್ಸೆಗೆ ಮೊದಲೇ ಗೊತ್ತಾಗಬೇಕು, ಯಾಕೆಂದರೆ ರೇಡಿಯೇಷನ್ ಮತ್ತು ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಅವರ ಮೈಗೆ ಸಾಮಾನ್ಯ ಪ್ರಮಾಣದಲ್ಲೂ ವಿಪರೀತವಾಗುತ್ತವೆ.

ಇಲ್ಲೇ ಇನ್ನೊಂದು ಗೊಂದಲ. ‘ಇಮ್ಯುನೋಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಔಷಧಿ) ಫಲಿಸುತ್ತದೆಯೇ ಎಂದು ಈ ಕಿಟ್ ಹೇಳುತ್ತದೆ’ ಎಂದು ಯಾರಾದರೂ ಅಂದರೆ ನಂಬಬೇಡಿ. ಅದಕ್ಕೆ ನೋಡುವುದು ಗಡ್ಡೆಯ ತುಂಡಿನಲ್ಲಿ ಪಿಡಿ-ಎಲ್1 ಪ್ರೋಟೀನಿನ ಅಂಕ, ಎಂಜಲಿನ ಜೀನಲ್ಲ. ಅಂದ ಹಾಗೆ, ಆ ಔಷಧಿ ಎಟುಕದ್ದು ಎಂದು ಕೈಚೆಲ್ಲುವ ಮುನ್ನ ವೈದ್ಯರನ್ನು ಒಂದು ಮಾತು ಕೇಳಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು, ಗುಣವಾಗದ ಹಂತದ ರೋಗಿಗಳಿಗೆ ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿಯನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿ.ಗ್ರಾಂ. ಪ್ರಮಾಣದಲ್ಲಿ, ಬಾಯಿಂದ ನುಂಗುವ ಔಷಧಿಗಳ ಜೊತೆ ಕೊಟ್ಟು ನೋಡಿದರು. ಒಂದು ವರ್ಷ ಬದುಕಿದವರ ಪಾಲು ಶೇ. 16ರಿಂದ 43ಕ್ಕೆ ಏರಿತು. ಸಾಮಾನ್ಯವಾಗಿ ಕೊಡುವ ಪ್ರಮಾಣ ಎರಡು ವಾರಕ್ಕೆ 240 ಮಿ.ಗ್ರಾಂ.

ಈಗ ಅದೇ ದುಡ್ಡಿಗೆ, ಅಥವಾ ದುಡ್ಡೇ ಇಲ್ಲದೆ, ಸಿಗುವ ಪರೀಕ್ಷೆ. ಒಳ್ಳೆಯ ಬೆಳಕಿನಲ್ಲಿ ತರಬೇತಿ ಪಡೆದ ಕಣ್ಣು ಐದು ನಿಮಿಷ ಬಾಯಿ ನೋಡುವುದು. ತಿರುವನಂತಪುರಂ ಜಿಲ್ಲೆಯಲ್ಲಿ 1996ರಿಂದ ಹೀಗೆ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ ಪ್ರಯೋಗದ ಫಲ 2005ರಲ್ಲಿ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ಇಳಿದಿತ್ತು. ಯಾವ ಎಂಜಲು ಕಿಟ್ಟೂ ಇಂಥ ಅಂಕಿ ತೋರಿಸಿಲ್ಲ.

ಮನೆಯಲ್ಲೇ ಮಾಡಬಹುದಾದದ್ದು ಇಷ್ಟು. ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಸೇರಿಸಿ, ಒಂದರ ಮೇಲೊಂದು ನಿಲ್ಲುವಂತೆ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ತೂರಿಸಿ. ಮೂರೂ ಹೋಗದಿದ್ದರೆ, ಅಂದರೆ ತೆರವು ಸುಮಾರು 35 ಮಿ.ಮೀ.ಗಿಂತ ಕಡಿಮೆ ಇದ್ದರೆ, ಕೆನ್ನೆ ಬಿಗಿಯುತ್ತಿದೆ ಎಂದು ಅನುಮಾನಿಸಿ. ಇದಕ್ಕೂ ಮುಂಚೆ ಬರುವ ಸೂಚನೆ ಉರಿ. ಮಂಡಕ್ಕಿ ಜೊತೆ ಮಿರ್ಚಿ ಕಚ್ಚಿದರೆ ಮೊದಲು ಆಗದಿದ್ದ ಉರಿ ಈಗ ಕಣ್ಣಲ್ಲಿ ನೀರು ತರಿಸುತ್ತದೆ. ಮಡಚಿದ ಬೆಣ್ಣೆದೋಸೆಯ ತುತ್ತನ್ನು ಚಿಕ್ಕದು ಮಾಡಿಕೊಂಡು ತಿನ್ನುವುದು ರೂಢಿಯಾಗಿಬಿಟ್ಟಿರುತ್ತದೆ, ಯಾಕೆಂದು ಯೋಚಿಸಿರುವುದಿಲ್ಲ. ಕನ್ನಡಿ ಮುಂದೆ ಕೆನ್ನೆಯನ್ನು ಬೆರಳಿನಿಂದ ಹೊರಕ್ಕೆ ಎಳೆದು ನೋಡಿ. ಗುಲಾಬಿ ಬಣ್ಣದ, ತೇವದ, ಎಳೆದಂತೆ ಬರುವ ಒಳಮೈ ಇರಬೇಕು. ಅಮೃತಶಿಲೆಯಂತೆ ಬಿಳಿಚಿದ್ದು, ಬೆರಳಾಡಿಸಿದರೆ ಮೇಲಿಂದ ಕೆಳಕ್ಕೆ ಹಗ್ಗದಂಥ ಪಟ್ಟಿ ತಗುಲಿದರೆ ಅದೇ ಸಬ್‌ಮ್ಯೂಕಸ್ ಫೈಬ್ರೋಸಿಸ್. ಒರೆಸಿದರೆ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲುಗುವ ಹಲ್ಲು, ಕುತ್ತಿಗೆಯ ಗಂಟು, ಇವುಗಳಲ್ಲಿ ಒಂದಿದ್ದರೂ ಕಾಯಬಾರದು. ನೋವಿಲ್ಲ ಎಂಬುದು ಸಮಾಧಾನವಲ್ಲ, ಆರಂಭದ ಕ್ಯಾನ್ಸರ್ ಬಹುಪಾಲು ನೋಯುವುದಿಲ್ಲ.

ತೋರಿಸುವುದು ಎಲ್ಲಿ? ದಾವಣಗೆರೆಯಲ್ಲಿ ಬಾಪೂಜಿ ಡೆಂಟಲ್ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್, ಚಿತ್ರದುರ್ಗದಲ್ಲಿ ಎಸ್‌ಜೆಎಂ ಡೆಂಟಲ್ ಕಾಲೇಜು ಇವೆ. ಓಪಿಡಿಯಲ್ಲಿ ‘ಓರಲ್ ಮೆಡಿಸಿನ್’ ವಿಭಾಗ ಎಂದು ಕೇಳಿ. ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ ಇದೆ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ಜೊತೆಗೆ ಬಾಯಿ ತಪಾಸಣೆಯೂ ಉಚಿತ ಕಾರ್ಯಕ್ರಮದಲ್ಲಿದೆ. ಬಿಪಿ ನೋಡಿ ಕಳಿಸಿದರೆ ಬಾಯಿಯನ್ನೂ ನೋಡಿ ಎಂದು ಕೇಳಿ ಮಾಡಿಸಿಕೊಳ್ಳಿ. ಐದು ವರ್ಷಕ್ಕೊಮ್ಮೆ ಎಂಬುದು ಕಾರ್ಯಕ್ರಮದ ಲೆಕ್ಕ, ದಿನವೂ ಚೂರು ಹಾಕುವವರು ವರ್ಷಕ್ಕೊಮ್ಮೆಯಾದರೂ ತೋರಿಸಬೇಕು ಎಂಬುದು ನಮ್ಮ ಮಾತು.

ಬಯಾಪ್ಸಿ ಎಂದರೆ ಹೆದರಿ ಜೀನ್ ಕಿಟ್ ಕಡೆ ತಿರುಗುವವರಿದ್ದಾರೆ. ಮರಗಟ್ಟುವ ಸೂಜಿ ಹಾಕಿ ಪುಟ್ಟ ತುಂಡು ತೆಗೆಯುತ್ತಾರೆ, ಒಂದೆರಡು ಹೊಲಿಗೆ, ಅಷ್ಟೇ. ಚಾಕು ಮುಟ್ಟಿಸಿದರೆ ಹರಡುತ್ತದೆ ಎಂಬ ಭಯಕ್ಕೆ ಹುಣ್ಣನ್ನು ಆರು ತಿಂಗಳು ಇಟ್ಟುಕೊಂಡರೆ, ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಫಲಿತಾಂಶ ತಪ್ಪಲು ಬೇರೆಯೇ ಕಾರಣಗಳಿವೆ. ಹುಣ್ಣಿನ ನಡುಭಾಗದಿಂದ ತೆಗೆದರೆ ಸತ್ತ ಅಂಗಾಂಶ ಮಾತ್ರ ಸಿಗುತ್ತದೆ, ಅಂಚಿನಿಂದ ತೆಗೆಯಬೇಕು. ಬಿಳಿ ಕೆಂಪು ಬೆರೆತ ಮಚ್ಚೆಯಲ್ಲಿ ಕೆಂಪು ಭಾಗ ಬಿಟ್ಟು ಬಿಳಿಯಿಂದ ತೆಗೆದರೆ ಕಾಯಿಲೆ ತಪ್ಪಿಹೋಗಬಹುದು. ತೀರ ತೆಳುವಾಗಿ ಕೆತ್ತಿದರೆ ಕೆಳಪದರಕ್ಕೆ ಇಳಿದಿದೆಯೋ ಇಲ್ಲವೋ ತಿಳಿಯದು. ತುಂಡು ಶೇ. 10ರ ಫಾರ್ಮಲಿನ್‌ಗೆ ಬೀಳಬೇಕು, ದ್ರಾವಣ ತುಂಡಿನ ಹತ್ತು ಪಟ್ಟು ಇರಬೇಕು. ಸಲೈನ್ ಬಾಟಲಿಯಲ್ಲಿ ಹಾಕಿ ‘ಲ್ಯಾಬಿಗೆ ಕೊಟ್ಟು ಬನ್ನಿ’ ಎಂದು ನಿಮ್ಮ ಕೈಗೆ ಕೊಟ್ಟರೆ, “ಇದು ಫಾರ್ಮಲಿನ್ನಾ ಸಾರ್?” ಎಂದು ಕೇಳಲು ಸಂಕೋಚ ಬೇಡ. ಒಂದು ಸಲ ‘ಏನಿಲ್ಲ’ ಎಂದು ಬಂದು ಹುಣ್ಣು ಮಾತ್ರ ಹಾಗೇ ಇದ್ದರೆ, ಮತ್ತೊಮ್ಮೆ ತೆಗೆಸಬೇಕು.

ಕಿಟ್ಟನ್ನು ಆಗಲೇ ಕೊಂಡಿದ್ದರೆ ವರದಿಯ ಮೇಲೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಗುರುತು, ನೋಂದಣಿ ಸಂಖ್ಯೆ ಇದೆಯೇ ನೋಡಿ. ಗುರುತು ಇದ್ದರೂ ಅದು ಯಾವ ಪರೀಕ್ಷೆಗೆ ಸಿಕ್ಕ ಮಾನ್ಯತೆ ಎಂದು ವಿಚಾರಿಸಿ, ಲ್ಯಾಬಿನ ಎಲ್ಲ ಪರೀಕ್ಷೆಗೂ ಅದು ತಾನಾಗಿ ಅನ್ವಯಿಸುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಎರಡು ಸಹಿಯ ಜಾಗ ಇರಬಹುದು, ಒಂದು ಪರೀಕ್ಷೆಗೆ, ಇನ್ನೊಂದು ನಿಮ್ಮ ಡಿಎನ್‌ಎ ಮಾಹಿತಿಯನ್ನು ಸಂಶೋಧನೆಗೆ ಬಳಸಲು. ಎರಡನೆಯದಕ್ಕೆ ಸಹಿ ಹಾಕದಿದ್ದರೆ ವರದಿಗೆ ಅಡ್ಡಿಯಾಗಬಾರದು. ಆಪ್ತಸಮಾಲೋಚನೆಯ ಕರೆ ಬೆಲೆಯಲ್ಲೇ ಸೇರಿದ್ದರೆ ಕನ್ನಡದಲ್ಲೇ ಬೇಕೆಂದು ಪಟ್ಟು ಹಿಡಿಯಿರಿ. ಆ ಕರೆಯಲ್ಲಿ ಎರಡೇ ಪ್ರಶ್ನೆ ಕೇಳಿ: ಈ ಅಂಕಿಗೆ ಆಧಾರವಾದ ಅಧ್ಯಯನದಲ್ಲಿ ಭಾರತದವರು ಎಷ್ಟು ಮಂದಿ ಇದ್ದರು? ಅದು ಕೆನ್ನೆಯ ಕ್ಯಾನ್ಸರೋ, ಟಾನ್ಸಿಲಿನದೋ?

ಇನ್ನೂ ಕೊಂಡಿಲ್ಲದವರು ಆ ದುಡ್ಡನ್ನು ಚೂಪಾದ ಹಲ್ಲಿನ ಅಂಚು ನಯ ಮಾಡಿಸಲು, ಕೆನ್ನೆಗೆ ಒತ್ತುವ ಹಳೆಯ ಹಲ್ಲಿನ ಸೆಟ್ ಬದಲಿಸಲು, ಬಾಯಿ ಬಿಗಿದಿದ್ದರೆ ಅದರ ಚಿಕಿತ್ಸೆಗೆ ಇಡಬಹುದು. ಚಟ ಬಿಡಲು ದುಡ್ಡು ಬೇಕಿಲ್ಲ, 1800-11-2356 ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, ಉಚಿತ ಕರೆ. ಮೊದಲ ಮೂರ್ನಾಲ್ಕು ದಿನ ತಲೆನೋವು, ಸಿಡುಕು, ನಿದ್ದೆಗೇಡು ಜೋರಾಗಿರುತ್ತವೆ, ಎರಡನೇ ವಾರದ ಹೊತ್ತಿಗೆ ಇಳಿಯತೊಡಗುತ್ತವೆ. ಬಿಗಿದ ಕೆನ್ನೆ ತಾನಾಗಿ ಮೊದಲಿನಂತಾಗದು, ಆದರೆ ಅಡಿಕೆ ನಿಂತ ಮೇಲೆ ವೈದ್ಯರು ಹೇಳಿಕೊಡುವ ಬಾಯಿ ತೆರೆಯುವ ವ್ಯಾಯಾಮವನ್ನು ದಿನವೂ ಮಾಡಿದವರಿಗೆ ಕೆಲವು ಮಿಲಿಮೀಟರ್ ಮರಳಿ ಸಿಗಬಹುದು.